ಗೋಪುರದ ಕೂನಿಯ ಅಂಚೆ ಮತ

ಆಲ್ಟೆನ್‌ಬ್ರುನ್ ಊರಿನ ವಾರದ ಸಂತೆಯಲ್ಲಿ ಖಾರಮೂಲಂಗಿ ಮಾರುವ ಕೂನಿ, ನಗರಸಭೆಯ ಚುನಾವಣೆ ಇನ್ನೇನು ಬಂತು ಎನ್ನುವಾಗ ಕಾಲು ಮುರಿದುಕೊಂಡಳು. ಬಿದ್ದದ್ದು ರಣರಂಗದಲ್ಲೇ. ಹೊಲದಲ್ಲಿ ಮೊಳದುದ್ದದ ಬೇರೊಂದನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಳು. ಬೇರು ಬಂತು, ಅದರ ಜೊತೆಗೆ ಕೂನಿಯೂ ಬಂದಳು, ಬೆನ್ನು ಕೆಳಗಾಗಿ. ಆಸ್ಪತ್ರೆಯ ಮಂಚದ ಮೇಲೆ ಮಲಗಿಸುವಾಗಲೂ ಬೇರು ಅವಳ ಮುಷ್ಟಿಯಲ್ಲೇ ಇತ್ತು. ದಾದಿ ಬಿಡಿಸಲು ನೋಡಿ ಕಣ್ಣುರಿ ಹತ್ತಿಸಿಕೊಂಡು ಸುಮ್ಮನಾದಳು.

ಎಪ್ಪತ್ತು ದಾಟಿದ ಈ ಹೆಂಗಸಿನ ಸ್ವಭಾವ ಅವಳು ಮಾರುವ ಸರಕಿನದೇ. ಸುಮ್ಮನಿದ್ದರೆ ಏನೂ ಇಲ್ಲ, ತುರಿದರೆ ನೆತ್ತಿಗೇರುತ್ತಾಳೆ. ಸಂತೆಯಲ್ಲಿ ಅವಳ ಪಕ್ಕದ ಅಂಗಡಿ ಆಲ್ಬಾನನದು. ಅವನು ಕೆರೆಯ ಗೆಂಡೆ ಮೀನು ಮಾರುತ್ತಾನೆ. ನಮ್ಮ ಫ್ರಾಂಕೋನಿಯಾ ಸೀಮೆಯಲ್ಲಿ ಗೆಂಡೆ ಮೀನನ್ನು ಖಾರಮೂಲಂಗಿ ಇಲ್ಲದೆ ತಿನ್ನುವವನನ್ನು ಹೊರಗಿನವನೆಂದೇ ಲೆಕ್ಕ ಹಾಕುತ್ತಾರೆ. ಆದ್ದರಿಂದ ಇಬ್ಬರ ಗಿರಾಕಿಗಳೂ ಒಂದೇ ಜನ. ಜಗಳವೂ ಒಂದೇ: ನಿನ್ನಿಂದ ನಾನೋ, ನನ್ನಿಂದ ನೀನೋ. ನಲವತ್ತು ವರ್ಷದಿಂದ ಅದು ಇತ್ಯರ್ಥವಾಗಿಲ್ಲ, ಆಗಬೇಕೆಂಬ ಆಸೆ ಇಬ್ಬರಿಗೂ ಇಲ್ಲ.

ಈ ಸಲದ ಚುನಾವಣೆ ಆ ಸಂತೆಯ ಮೇಲೆಯೇ ನಿಂತಿತ್ತು. ಮೇಯರ್ ಪದವಿಗೆ ನಿಂತಿದ್ದ ಒಟ್ಮಾರ್ ಫಾಯರ್‌ಲೈನ್, ಸಂತೆಯನ್ನು ಊರ ನಡುವಿನ ಚೌಕದಿಂದ ಕಿತ್ತು ಅಗ್ನಿಶಾಮಕ ಠಾಣೆಯ ಹಿಂದಿನ ಬಯಲಿಗೆ ಕಳಿಸಿ, ಚೌಕದಲ್ಲಿ ಕಾರು ನಿಲ್ಲಿಸಲು ಜಾಗ ಮಾಡುತ್ತೇನೆ ಎಂದಿದ್ದ. ಎದುರು ನಿಂತವಳು ಪಶುವೈದ್ಯೆ ರೋಸ್ವಿಟಾ. ಸಂತೆ ಇದ್ದಲ್ಲೇ ಇರಲಿ ಎನ್ನುವವಳು. ಕೂನಿ ಮತ ಹಾಕುವ ವಯಸ್ಸು ಬಂದಾಗಿನಿಂದ ಒಂದು ಚುನಾವಣೆಯನ್ನೂ ಬಿಟ್ಟವಳಲ್ಲ. ಈಗ ಕಾಲಿಗೆ ಪ್ಲಾಸ್ಟರು, ಮನೆಯೋ ಹಳೆಯ ಕಾವಲು ಗೋಪುರದ ಮೂರನೆಯ ಮಹಡಿ, ಮೆಟ್ಟಿಲುಗಳು ಏಣಿಯಷ್ಟು ಕಡಿದು. ಆಸ್ಪತ್ರೆಯಿಂದ ಅವಳನ್ನು ಮೇಲೆ ಹತ್ತಿಸಲು ನಾಲ್ವರು ಬೇಕಾಗಿದ್ದರು. ಮತದ ದಿನ ಬಲೆ ಕಟ್ಟಿ ಇಳಿಸುತ್ತೇವೆ ಎಂದು ಅಗ್ನಿಶಾಮಕದವರು ಬಂದರು.

"ಬಲೇಲಿ ಇಳಿಯೋಕೆ ನಾನೇನು ಗೆಂಡೆ ಮೀನಾ? ಹೋಗ್ರಪ್ಪ," ಎಂದು ಅವರನ್ನು ಕೂನಿ ಕಳಿಸಿಬಿಟ್ಟಳು.

ಅದೇ ಸಂಜೆ ಆಲ್ಬಾನ್ ಮೇಲೆ ಹತ್ತಿ ಬಂದ, ಕೈಯಲ್ಲಿ ಹುರಿದ ಮೀನು, ಬಾಯಲ್ಲಿ ಅದಕ್ಕಿಂತ ಬಿಸಿಯಾದ ಸುದ್ದಿ.

"ಬಿಯರ್ ಅಂಗಡೀಲಿ ಫಾಯರ್‌ಲೈನ್ ಏನಂದ ಗೊತ್ತಾ ಕೂನಿ? 'ಈ ಸಲ ಗೋಪುರದವಳ ಮತ ಹಾಸಿಗೇಲೇ ಮಲಗಿರುತ್ತೆ ಬಿಡ್ರಪ್ಪ' ಅಂದ. ಎಲ್ರೂ ನಕ್ಕರು."

"ನೀನೂ ನಕ್ಕೆಯಾ?"

"ಸ್ವಲ್ಪ."

ಕೂನಿ ಮೀನನ್ನು ಮುಳ್ಳಷ್ಟೇ ಉಳಿಯುವ ಹಾಗೆ ತಿಂದಳು. ಆಮೇಲೆ ಕಾಗದ ಪೆನ್ನು ತಾ ಎಂದಳು. ಅಂಚೆಯಲ್ಲಿ ಮತ ಹಾಕುವುದಕ್ಕೆ ನಗರಸಭೆ ಕಚೇರಿಗೆ ಅರ್ಜಿ ಕೊಟ್ಟರೆ ಸಾಕು. ಮತಪತ್ರ, ಲಕೋಟೆ ಎಲ್ಲ ಮನೆಗೇ ಬರುತ್ತದೆ. ಅರ್ಜಿಗೆ ಅಚ್ಚು ಹಾಕಿದ ಚೀಟಿಯೊಂದು ಎಲ್ಲರ ಮನೆಗೂ ಬಂದಿರುತ್ತದೆ. ಕೂನಿಯ ಚೀಟಿ ಮಾತ್ರ ಒಲೆ ಸೇರಿತ್ತು. ಏಕೆಂದರೆ ಅದು ಬಂದದ್ದು ಕುನಿಗುಂಡಾ ಡೋರ್ಷ್ ಎಂಬ ಹೆಸರಿಗೆ.

ನಮ್ಮ ಕಡೆ ಮನುಷ್ಯರಿಗಿಂತ ಮನೆಗಳ ಹೆಸರು ಗಟ್ಟಿ. ಯಾವ ಕಾಲದಲ್ಲೋ ಆ ಮನೆಯವರೊಬ್ಬರು ಗೋಪುರದ ಕಾವಲುಗಾರರಾಗಿದ್ದರಂತೆ. ಅಂದಿನಿಂದ ಅಲ್ಲಿ ಹುಟ್ಟಿದವರೂ ಗೋಪುರದವರು, ಅಲ್ಲಿಗೆ ಬಂದು ಸೇರಿದವರೂ ಗೋಪುರದವರು. ಡೋರ್ಷ್ ಮನೆತನದ ಆಂಟನ್ ಕೂನಿಯನ್ನು ಮದುವೆಯಾಗಿ ಮನೆಯಳಿಯನಾಗಿ ಬಂದ ದಿನವೇ ಗೋಪುರದ ಆಂಟನ್ ಆಗಿಹೋದ. ಡೋರ್ಷ್ ಎಂಬುದು ಗಂಡ ಹೆಂಡತಿ ಇಬ್ಬರ ಹೆಸರಿಗೂ ಅಂಟಿ ಸರಕಾರಿ ಕಡತದಲ್ಲಷ್ಟೇ ಉಳಿಯಿತು, ಆಮೇಲೆ ಅವನ ಗೋರಿಕಲ್ಲಿನ ಮೇಲೆ ಏರಿತು. ಸಾಲದ್ದಕ್ಕೆ ನಮ್ಮ ಭಾಷೆಯಲ್ಲಿ ಡೋರ್ಷ್ ಎಂದರೆ ಒಂದು ಜಾತಿಯ ಕಡಲಮೀನು. ಪಕ್ಕದಲ್ಲಿ ಮೀನಿನವನನ್ನು ಇಟ್ಟುಕೊಂಡು ಯಾವ ಹೆಂಗಸು ತಾನೇ ಆ ಹೆಸರನ್ನು ಬಾಯಿಬಿಟ್ಟು ಹೇಳಿಯಾಳು? ಆ ಹೆಸರಿಗೆ ಬರುವ ಕಾಗದದಲ್ಲಿ ಎಂದೂ ಒಳ್ಳೆಯ ಸುದ್ದಿ ಇರುವುದಿಲ್ಲ ಎಂಬುದೂ ಅವಳ ಅನುಭವ. ಮತಗಟ್ಟೆಯಲ್ಲಿ ಇಷ್ಟು ವರ್ಷ ಅವಳ ಹೆಸರು ಯಾರೂ ಕೇಳಿರಲಿಲ್ಲ. ಅವಳು ಬಾಗಿಲಲ್ಲಿ ಕಾಣಿಸಿದ ಕೂಡಲೇ ಪಟ್ಟಿ ಹಿಡಿದವರು ಹುಡುಕಿ ಗುರುತು ಹಾಕಿ ಕುರ್ಚಿ ಕೊಡುತ್ತಿದ್ದರು.

ಹೀಗಾಗಿ ಕೂನಿ ತನ್ನ ಕೈಯಾರೆ ಅರ್ಜಿ ಬರೆದಳು. ಅರ್ಜಿಯ ಅರ್ಧ ಭಾಗ ಫಾಯರ್‌ಲೈನನ ಕುಲಗೋತ್ರ. ಉಳಿದ ಅರ್ಧದಲ್ಲಿ ಬೇಡಿಕೆ. ಕೊನೆಗೆ ವಿಳಾಸ, ಗೋಪುರದ ಮನೆ. ಸಹಿ, ಗೋಪುರದ ಕೂನಿ.

ಉತ್ತರ ಬಂತು. "ತಾವು ತಿಳಿಸಿರುವ ಹೆಸರಿನ ಮತದಾರರು ನಮ್ಮ ಪಟ್ಟಿಯಲ್ಲಿ ಇಲ್ಲ."

ಕೂನಿ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಇನ್ನೊಮ್ಮೆ ಓದಿದಳು. "ನಾನೇ ಇಲ್ವಂತೆ," ಎಂದಳು. ಆಲ್ಬಾನನನ್ನು ಕರೆಸಿ ಕಚೇರಿಗೆ ಫೋನು ಹಾಕಿಸಿದಳು. ಆ ಕಡೆ ಇದ್ದವಳು ವೀಬ್ಕೆ, ಉತ್ತರದ ಕಡಲತೀರದಿಂದ ಹೊಸದಾಗಿ ಬಂದ ಗುಮಾಸ್ತೆ. ಮನೆಹೆಸರು ಎಂದರೇನೆಂದೇ ಅವಳಿಗೆ ತಿಳಿಯದು.

"ಫೋನಲ್ಲಿ ಅರ್ಜಿ ತಗೊಳ್ಳೋಕೆ ಆಗಲ್ಲಮ್ಮ. ಬರೆದೇ ಕೊಡ್ಬೇಕು."

"ಬರೆದೇ ಕೊಟ್ಟಿದ್ದೆ. ಇಲ್ಲ ಅಂದ್ರಿ."

"ಪಟ್ಟೀಲಿ ಇರೋ ಹೆಸರು ಬರೀರಿ."

"ಅದು ನನ್ನ ಹೆಸರಲ್ಲ."

"ಹಾಗಾದ್ರೆ ಯಾರದಮ್ಮ ಅದು?"

"ಮೀನಿನದು," ಎಂದು ಕೂನಿ ಫೋನು ಇಟ್ಟುಬಿಟ್ಟಳು.

ಅರ್ಜಿಗೆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಗಡುವು, ಅಂದು ಶುಕ್ರವಾರವೇ. ಅಂಚೆಗೆ ಹಾಕಿ ಕಾಯುವಷ್ಟು ಸಮಯ ಇರಲಿಲ್ಲ. ಯಾರಾದರೂ ಅರ್ಜಿ ಒಯ್ದು, ಅಧಿಕಾರಪತ್ರ ತೋರಿಸಿ, ಮತಪತ್ರವನ್ನು ಕೈಯಲ್ಲೇ ತರಬೇಕು. ಎರಡಕ್ಕೂ ಡೋರ್ಷ್ ಎಂದೇ ಸಹಿ ಬೀಳಬೇಕು. ಅದನ್ನು ಅವಳು ನಂಬಿ ಕೊಡಬಲ್ಲವನು ಊರಿಗೆಲ್ಲ ಒಬ್ಬನೇ: ಸಂತೆಯ ದಿನವೂ ಅಂಗಡಿ ಮುಚ್ಚಿ ಬಂದಿದ್ದ ಆಲ್ಬಾನ್.

ಅವಳು ಕಿಟಕಿಯಾಚೆ ನೋಡಿದಳು. ಚೌಕ ಅಲ್ಲೇ ಕೆಳಗೆ ಕಾಣುತ್ತಿತ್ತು, ಅವಳ ಅಂಗಡಿಯ ಜಾಗ ಖಾಲಿಯಾಗಿ. ಅಲ್ಲಿ ಯಾರದೋ ಕಾರು ಆಗಲೇ ಮೂಗು ತೂರಿಸಿತ್ತು.

"ನಕ್ಕರೆ ಸಾಯಿಸ್ತೀನಿ," ಎಂದು ಪೆನ್ನು ಹಿಡಿದಳು.

"ನಾನ್ಯಾಕೆ ನಗಲಿ, ಮಾರಾಯ್ತಿ. ನಾನು ಮೀನಿನವನು, ನೀನು ಮೀನು. ನೆಂಟರಾದ್ವಿ."

ಸಹಿ ಬಿತ್ತು. ಹುಳಿಯಾದದ್ದನ್ನು ಕಚ್ಚಿದವಳಂತೆ ಮುಖ ಹಿಂಡಿಕೊಂಡು ಎರಡೂ ಕಾಗದಕ್ಕೆ ಹಾಕಿದಳು.

ಆಲ್ಬಾನನ ದಂಡಯಾತ್ರೆ ಕಚೇರಿಯ ಬಾಗಿಲಲ್ಲೇ ನಿಂತಿತು. ಬಾಗಿಲು ಕಾಯುವ ಮುದುಕ ಝೆಪ್ ಅಧಿಕಾರಪತ್ರ ಓದಿ ತಲೆಯಾಡಿಸಿದ.

"ಕುನಿಗುಂಡಾ ಡೋರ್ಷಾ? ಅಂಥವರು ಈ ಊರಲ್ಲಿ ಇಲ್ಲ ಕಣೋ."

"ಗೋಪುರದ ಮನೇಲಿ ಇರೋಳು."

"ಗೋಪುರದ ಮನೇಲಿರೋಳು ಕೂನಿ. ನಂಗೆ ಹೇಳ್ಕೊಡ್ತೀಯಾ? ಅವಳ ಮದುವೇಲಿ ಉಂಡವನು ನಾನು."

ಸಾಲಿನಲ್ಲಿ ನಿಂತಿದ್ದವರೂ ಸೇರಿಕೊಂಡರು. ಡೋರ್ಷ್ ಎಂಬುವರು ಇದ್ದದ್ದು ಪಕ್ಕದೂರಲ್ಲಿ, ಅವರು ಸತ್ತರು ಎಂದರು ಒಬ್ಬರು. ಆಲ್ಬಾನ್ ಯಾರದೋ ಮತ ಕದಿಯಲು ಬಂದಿದ್ದಾನೆ, ಮೀನಿನವರನ್ನು ನಂಬಬಾರದು ಎಂದಳು ಒಬ್ಬ ಮಹಾತಾಯಿ. ಫಾಯರ್‌ಲೈನನ ಭಾವಮೈದುನ ಅಲ್ಲೇ ಇದ್ದ. ಪೊಲೀಸರನ್ನು ಕರೆಯಿರಿ ಎಂದ. ಗಡಿಯಾರದ ಮುಳ್ಳು ಮೂರರ ಕಡೆಗೆ ಜಾರುತ್ತಿತ್ತು. ಊರಿಗೆ ಊರೇ ಕೂನಿಯನ್ನು ಬಲ್ಲದು, ಆ ಬಲ್ಲತನವೇ ಈಗ ಅವಳ ಮತಕ್ಕೆ ಕುತ್ತಾಗಿತ್ತು.

ಗದ್ದಲ ಕೇಳಿ ವೀಬ್ಕೆ ಹೊರಗೆ ಬಂದಳು. ಇಡೀ ಊರಲ್ಲಿ ಕೂನಿಯನ್ನು ಕಂಡೇ ಇರದ ಒಬ್ಬಳೇ ಹೆಂಗಸು. ಅರ್ಜಿ ತೆಗೆದುಕೊಂಡು ಪಟ್ಟಿ ನೋಡಿದಳು, ಜನ್ಮದಿನಾಂಕ ನೋಡಿದಳು.

"ಡೋರ್ಷ್, ಕುನಿಗುಂಡಾ. ಇದ್ದಾರಲ್ಲ," ಎಂದಳು. "ಎಷ್ಟು ಚೆಂದದ ಹೆಸರು. ನಮ್ಮೂರಲ್ಲಿ ಹಬ್ಬಕ್ಕೆ ಇದೇ ಮೀನು ಮಾಡೋದು."

ಝೆಪ್ ಬಾಗಿಲು ಬಿಟ್ಟು ಸರಿದ. ಭಾವಮೈದುನ ಟೋಪಿ ಹಾಕಿಕೊಂಡ. ಮೂರು ಗಂಟೆ ಹೊಡೆಯುವಾಗ ಆಲ್ಬಾನ್ ಮತಪತ್ರದ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು, ಗೆದ್ದ ಕೋಟೆಯಿಂದ ಬಾವುಟ ತರುವವನಂತೆ ಚೌಕದ ನಟ್ಟನಡುವೆ ನಡೆದು ಬಂದ. ಮಳಿಗೆಗಳ ಹಿಂದಿನಿಂದ ಚಪ್ಪಾಳೆ ಬಿತ್ತು.

ನಮ್ಮ ನಗರಸಭೆಯ ಮತಪತ್ರವೆಂದರೆ ಮೇಜುಬಟ್ಟೆಯಷ್ಟು ಅಗಲ. ಸಭೆಯಲ್ಲಿ ಎಷ್ಟು ಕುರ್ಚಿಯೋ ಅಷ್ಟು ಮತ ಒಬ್ಬೊಬ್ಬರಿಗೂ. ಬೇಕಾದವರಿಗೆ ಮೂರರವರೆಗೆ ಕೊಡಬಹುದು, ಯಾವ ಪಕ್ಷದಿಂದ ಬೇಕಾದರೂ ಆರಿಸಬಹುದು. ಕೂನಿ ಅದನ್ನು ಹಾಸಿಗೆಯ ಮೇಲೆ, ಪ್ಲಾಸ್ಟರಿನ ಕಾಲಿನ ಮೇಲೆ ಹರಡಿ, ಸಂತೆಯಲ್ಲಿ ಬೇರು ಆರಿಸುವಂತೆ ಆರಿಸಿದಳು. ಇವನಿಗೆ ಮೂರು, ಇವಳಿಗೆ ಎರಡು, ಇವನು ಬೆಂಡು, ಬೇಡ. ಆಲ್ಬಾನ್ ಅಷ್ಟು ಹೊತ್ತೂ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ, ಮತ ಗುಟ್ಟಿನದಲ್ಲವೇ. ಮೇಯರ್ ಪದವಿಯ ಇನ್ನೊಂದು ಹಾಳೆಗೆ ಅವಳು ಹಾಕಿದ ಗುರುತು ಮಾತ್ರ, ಕಾಗದ ಹರಿಯುವಂತೆ ಪೆನ್ನು ಒತ್ತಿದ ಸದ್ದಿನಲ್ಲೇ ಅವನಿಗೆ ತಿಳಿದುಹೋಯಿತು.

ಕೊನೆಯದಾಗಿ ಪ್ರಮಾಣಪತ್ರ. ಈ ಮತ ನಾನೇ ಹಾಕಿದ್ದು ಎಂದು ಸಹಿ ಮಾಡಬೇಕು, ತಪ್ಪಿದರೆ ಎಲ್ಲವೂ ರದ್ದು. ಗೆದ್ದ ಗುಂಗಿನಲ್ಲಿದ್ದ ಕೂನಿಯ ಕೈ ತನ್ನ ಹಳೆಯ ಜಾಡು ಹಿಡಿದು ಹೊರಟಿತ್ತು. ಪೆನ್ನಿನ ತುದಿ ಕಾಗದಕ್ಕೆ ತಾಗುವಷ್ಟರಲ್ಲಿ ಕಿಟಕಿಯಿಂದ ತಿರುಗಿದ ಆಲ್ಬಾನ್ ಹೌಹಾರಿದ.

"ಮೀನು, ಕೂನಿ, ಮೀನು!"

ಕೈ ನಿಂತಿತು. ಕೂನಿ ಉಸಿರೆಳೆದುಕೊಂಡು, ಒಂದೊಂದೇ ಅಕ್ಷರ ಬಿಡಿಸಿ, ಕುನಿಗುಂಡಾ ಡೋರ್ಷ್ ಎಂದು ದಪ್ಪಕ್ಷರದಲ್ಲಿ ಬರೆದಳು. ಕೆಂಪು ಲಕೋಟೆಯ ಅಂಟನ್ನು ತಾನೇ ನೆಕ್ಕಿ ಮುಚ್ಚಿದಳು. ಆಲ್ಬಾನ್ ಅದನ್ನು ಕಚೇರಿಯ ಪೆಟ್ಟಿಗೆಗೆ ಹಾಕಿ, ಬಿದ್ದ ಸದ್ದು ಕೇಳಿಸಿಕೊಂಡೇ ಬಂದ.

ಭಾನುವಾರ ರಾತ್ರಿ ಎಣಿಕೆ ಮುಗಿದಾಗ ರೋಸ್ವಿಟಾ ನಾನೂರಕ್ಕೂ ಹೆಚ್ಚು ಮತದಿಂದ ಗೆದ್ದಿದ್ದಳು. ಚೌಕದಲ್ಲಿ ವಾದ್ಯದವರು ಶುರುಮಾಡಿದರು. ಆಲ್ಬಾನ್ ಬಿಯರ್ ಹಿಡಿದು ಗೋಪುರ ಹತ್ತಿ ಬಂದ. ಸುದ್ದಿ ಹೇಳಿದ ಮೇಲೆ ಸುಮ್ಮನಿರಲಾಗದೆ ಕೆಣಕಿದ.

"ನಾನೂರು ಮತ ಕೂನಿ. ನೀನು ಹಾಕದೇ ಇದ್ದಿದ್ರೂ ಗೆಲ್ತಿದ್ಲು."

ಕೂನಿ ಬಿಯರಿನ ನೊರೆ ಒರೆಸಿಕೊಂಡು, ಪ್ಲಾಸ್ಟರಿನ ಕಾಲನ್ನು ಸಿಂಹಾಸನದ ಮೇಲಿಟ್ಟಂತೆ ದಿಂಬಿನ ಮೇಲೆ ಏರಿಸಿಕೊಂಡಳು.

"ಹುಚ್ಚಪ್ಪ, ಗೆಲ್ಲಿಸಿದ್ದು ನನ್ನದೊಂದೇ," ಎಂದಳು. "ಉಳಿದ ನಾನೂರು ಮೆರವಣಿಗೆಗೆ ಬಂದದ್ದು."