ಒಂದು ಗಂಟೆ ಹತ್ತು ನಿಮಿಷದ ದಾರಿ

2020ರ ಡಿಸೆಂಬರ್ 20, ಭಾನುವಾರ ಬೆಳಿಗ್ಗೆ ಆರರಿಂದ, ಕೋವಿಡ್‌ನ ಹೊಸ ತಳಿಯ ಭಯಕ್ಕೆ, ಬ್ರಿಟನ್ನಿನ ಪ್ರಯಾಣಿಕರ ವಿಮಾನಗಳು ನೆದರ್ಲೆಂಡ್ಸ್‌ಗೆ ಬರುವುದು ನಿಂತಿತು. ಲಂಡನ್ನಿನಲ್ಲಿದ್ದ ನನ್ನ ಅಕ್ಕನ ವಿಮಾನ ಅದೇ ದಿನ ಹತ್ತು ಗಂಟೆಗಿತ್ತು.

ನಾನು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಲ್ಮೆರೆಯಲ್ಲಿದ್ದೆ, ತುಂಬು ಗರ್ಭಿಣಿ. ಅಮ್ಮ ಮೈಸೂರಿನಿಂದ ಬರುವಂತಿರಲಿಲ್ಲ. ಬಾಣಂತನಕ್ಕೆ ಉಳಿದಿದ್ದವಳು ಅಕ್ಕ ಒಬ್ಬಳೇ. ಲಂಡನ್ನಿಂದ ಆಮ್‌ಸ್ಟರ್‌ಡ್ಯಾಮ್ ಸುಮಾರು ಮುನ್ನೂರ ಅರವತ್ತು ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಷ್ಟು. ವಿಮಾನದಲ್ಲಿ ಒಂದು ಗಂಟೆ ಹತ್ತು ನಿಮಿಷ.

ಅವಳು ಮೊದಲು ಕಾದಿರಿಸಿದ್ದು ಶನಿವಾರದ ಟಿಕೆಟ್. ಅದಕ್ಕೆ ವಾರ ಮೊದಲು ಅಮ್ಮ ಪಂಚಾಂಗ ಹಿಡಿದು ನಮ್ಮಿಬ್ಬರಿಗೂ ಒಟ್ಟಿಗೆ ವಿಡಿಯೊ ಕರೆ ಮಾಡಿದರು.

"ಶನಿವಾರ ಪೂರ್ವಕ್ಕೆ ಶೂಲೆ ಕಣೇ, ಆ ದಿಕ್ಕಿಗೆ ಹೊರಡಬಾರದು. ಲಂಡನ್ನಿಂದ ನಿಮ್ಮೂರು ಪೂರ್ವಕ್ಕೇ ತಾನೆ?"

"ಅಮ್ಮಾ, ಒಂದು ಗಂಟೆ ದಾರಿಗೆ ಶೂಲೆ ಏನಮ್ಮಾ?" ಎಂದೆ.

"ಬಾಣಂತನಕ್ಕೆ ಬರೋಳು. ದಿನ ನೋಡ್ದೆ ಹೊರಡ್ತಾರಾ?"

ನನ್ನ ಗಂಡ ಫೋನಿನಲ್ಲಿ ನಕ್ಷೆ ತೆರೆದ. "ಅತ್ತೆ ಹೇಳೋದು ಕರೆಕ್ಟು. ಸ್ವಲ್ಪ ಈಶಾನ್ಯ, ಆದ್ರೂ ಪೂರ್ವಾನೇ."

"ಒಂದಿನ ತಾನೇ, ಬಿಡೇ," ಎಂದಳು ಅಕ್ಕ. "ಅಮ್ಮನ ಹತ್ರ ವಾದ ಮಾಡೋ ಶಕ್ತಿ ನಂಗಿಲ್ಲ."

ನನಗೂ ಇರಲಿಲ್ಲ. ಟಿಕೆಟ್ ಭಾನುವಾರಕ್ಕೆ ಬದಲಾಯಿತು. ಶನಿವಾರದ ವಿಮಾನ ಸಮಯಕ್ಕೆ ಸರಿಯಾಗಿ ಬಂದಿಳಿದದ್ದನ್ನು ನಾನು ಫೋನಿನಲ್ಲಿ ನೋಡಿದೆ.

23ರಂದು ನಿಷೇಧ ತೆಗೆದರು; ಆದರೆ ಎಪ್ಪತ್ತೆರಡು ಗಂಟೆಯೊಳಗಿನ ಕೋವಿಡ್ ನೆಗೆಟಿವ್ ವರದಿ ಬೇಕಿತ್ತು. ಕ್ರಿಸ್‌ಮಸ್ ರಜೆ. ಅಕ್ಕನ ಮೊದಲ ವರದಿ ಬಂದದ್ದು ನಾಲ್ಕನೆಯ ದಿನ, ಅವಧಿ ಮುಗಿದ ಮೇಲೆ. ಎರಡನೆಯದು ಬರುವಷ್ಟರಲ್ಲಿ ಜನವರಿ ಒಂದಾಗಿತ್ತು. ಆ ದಿನದಿಂದ ಬ್ರಿಟನ್ ಯುರೋಪಿಯನ್ ಒಕ್ಕೂಟದ ಹೊರಗಿನ ದೇಶ. ಅಗತ್ಯ ಕಾರಣವಿಲ್ಲದ ಪ್ರಯಾಣಿಕರಿಗೆ ಪ್ರವೇಶವಿಲ್ಲ.

ಇಲ್ಲಿನ ಸರ್ಕಾರದ ಸಹಾಯವಾಣಿಗೆ ಕರೆ ಮಾಡಿದೆ. ಅಲ್ಲಿದ್ದ ಹೆಂಗಸು ಮೃದುವಾಗಿಯೇ ಕೇಳಿದರು: "ಬರುವವರು ಮಗುವಿನ ತಂದೆಯೇ?"

"ಅಲ್ಲ, ನನ್ನ ಅಕ್ಕ."

"ಹಾಗಾದರೆ ಇದು ಅಗತ್ಯ ಪ್ರಯಾಣವಲ್ಲ."

ಬಾಣಂತನ ಎಂದರೇನೆಂದು ಇಂಗ್ಲಿಷಿನಲ್ಲಿ ಹತ್ತು ನಿಮಿಷ ವಿವರಿಸಿದೆ. ಎಣ್ಣೆನೀರು, ಮೆಣಸಿನ ಸಾರು, ನಲವತ್ತು ದಿನ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಹೆರಿಗೆಯಾದ ಮನೆಗೆ ಬರುವ ದಾದಿಯ ಏರ್ಪಾಡು ಈ ದೇಶದಲ್ಲಿದೆಯಲ್ಲ ಎಂದರು. ಇತ್ತು, ಎಂಟು ದಿನಕ್ಕೆ.

ಮಗಳು ಹುಟ್ಟಿದ್ದು ಜನವರಿ ಮೊದಲ ವಾರದಲ್ಲಿ. ದಾದಿ ಒಳ್ಳೆಯವರು. ಬಂದ ದಿನವೇ ಗಾಳಿ ಬೇಕೆಂದು ಕಿಟಕಿ ತೆರೆದರು. ಹೊರಗೆ ಎರಡು ಡಿಗ್ರಿ. ಫೋನಿನ ಪರದೆಯೊಳಗಿಂದ ಅಕ್ಕ ಕೂಗಿದಳು: "ಏಯ್, ಅದನ್ನ ಮುಚ್ಚಕ್ಕೆ ಹೇಳೇ! ಕಿವಿಗೆ ಹತ್ತಿ ಇಟ್ಕೊಂಡಿದೀಯ ತಾನೆ?" ದಾದಿ ಪರದೆಯ ಕಡೆಗೆ ಕೈಬೀಸಿದರು. ಹತ್ತಿ ಇಟ್ಟುಕೊಂಡಿರಲಿಲ್ಲ; ಇಟ್ಟಿದ್ದೇನೆ ಎಂದೆ.

ಎಂಟು ದಿನ ಕಳೆದ ಮೇಲೆ ಗಂಡ ಮೀಟಿಂಗುಗಳ ನಡುವೆ ಎದ್ದು ಬಂದು ಸಾರು ಕುದಿಸುತ್ತಿದ್ದ. ಅಕ್ಕ ಅಳತೆ ಹೇಳುತ್ತಿದ್ದಳು. ಅಮ್ಮ ಶೂಲೆಯ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಎರಡು ತಿಂಗಳು ಅವರ ಕರೆ ಬಂದಾಗಲೆಲ್ಲ ಫೋನನ್ನು ಗಂಡನ ಕೈಗೆ ಕೊಟ್ಟೆ.

ನಿರ್ಬಂಧ ಸಡಿಲವಾಗಿ ಅಕ್ಕ ಬಂದದ್ದು 2021ರ ಅಕ್ಟೋಬರಿನಲ್ಲಿ. ಗುರುತಿಲ್ಲದ ಮುಖ ಕಂಡು ಮಗಳು ಅತ್ತಳು. ಮೂರನೆಯ ದಿನ ಅವಳ ಕೈಯಿಂದ ಅನ್ನ ತಿಂದಳು. ನಾಲ್ಕನೆಯ ದಿನ ಅಕ್ಕ ಲಂಡನ್ನಿಗೆ ಹಿಂತಿರುಗಿದಳು.