ಬಂಡೆ ಬಂದರೆ ಇರಲಿ ಅಂತ
ಬೀದಿಯವರೆಲ್ಲ ಜೀಪಪ್ಪ ಎಂದು ಕರೆಯುವ ಯಜಮಾನರ ಜೀಪು ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಓಡಾಡುತ್ತದೆ. ಅದು ಇದುವರೆಗೆ ಹತ್ತಿದ ದೊಡ್ಡ ಬೆಟ್ಟವೆಂದರೆ ಆಫೀಸಿನ ಪಾರ್ಕಿಂಗಿನ ಏರು. ಆದರೂ ಭಾನುವಾರ ಬಂತೆಂದರೆ ಅವರು ಟೈರಂಗಡಿಯಲ್ಲಿ ಹಾಜರು. ಕೆಸರಿಗೆಂದೇ ಮಾಡಿದ ಮಡ್ ಟೈರಿನ ಹಲ್ಲುಗಳ ನಡುವೆ ಬೆರಳು ತೂರಿಸಿ, ಎತ್ತು ಕೊಳ್ಳುವವರಂತೆ ಪರೀಕ್ಷಿಸುತ್ತಾರೆ. “ಇದು ಬಂಡೆ ಹತ್ತುತ್ತೆ ಕಣಯ್ಯಾ.” “ಇಲ್ಲಿ ಬಂಡೆ ಎಲ್ಲಿದೆ ಸಾರ್?” ಎಂದು ಅಂಗಡಿಯವನು ಕೇಳಿದರೆ, “ಬಂದ್ರೆ ಇರ್ಲಿ ಅಂತ” ಎನ್ನುತ್ತಾರೆ. ಎಲ್ಲ ರಸ್ತೆಗೂ ಸೈ ಎನ್ನುವ ಆಲ್ ಟೆರೇನ್ ಟೈರೆಂದರೆ ಅವರಿಗೆ ತಾತ್ಸಾರ. ಅದು ಎಲ್ಲರ ಮಾತಿಗೂ ಹೂಂಗುಟ್ಟುವ ಮನೆಅಳಿಯನಂತೆ. ನೆಂಟರ ಕಾರು ಬಂದು ನಿಂತರೆ ಮೊದಲು ಟೈರು ನೋಡುತ್ತಾರೆ, ಆಮೇಲೆ ನೆಂಟರ ಮುಖ. ಕಡೆಗೂ ಜೀಪಿನ ಹಳೆಯ ಟೈರುಗಳು ಸವೆದು ನುಣ್ಣಗಾದವು. ಅಂಗಡಿಯವನು ಕೇಳದೆಯೇ ನಾಲ್ಕು ಮಡ್ ಟೈರು ಉರುಳಿಸಿಕೊಂಡು ಬಂದ. ಯಜಮಾನರು ಒಂದರ ಮೇಲೆ ಕೈಯಾಡಿಸಿ, “ಆಲ್ ಟೆರೇನೇ ಹಾಕ್ಬಿಡಪ್ಪಾ” ಎಂದರು. “ಏನ್ ಸಾರ್, ನೀವೂ ಅಳಿಯ ಆಗ್ಬಿಟ್ರಾ?” ಎಂದು ಅವನು ನಕ್ಕ. ಯಜಮಾನರು ನಗಲಿಲ್ಲ. “ಮೊನ್ನೆ ಭಾವಮೈದನ ಗಾಡೀಲಿ ಹೋಗಿದ್ವಿ. ಅದಕ್ಕೆ ಇದೇ ಮಡ್ ಟೈರು. ದಾರಿಯುದ್ದಕ್ಕೂ ಗುಂಯ್ ಅಂತ ಸದ್ದು. ನಮ್ಮನೆಯವಳಿಗೆ ಈಚೆಗೆ ಕಿವಿ ಮಂದ. ನಾನು ಕೂಗಿ ಮಾತಾಡಿದೆ. ಬೈತಿದೀನಿ ಅಂದ್ಕೊಂಡು, ಪಾಪ, ಊರು ಬರೋವರೆಗೂ ಕಿಟಕಿ ಕಡೆ ತಿರುಗಿ ಕೂತಿದ್ಲು.”