ಕರೆದಾಗ ಮಾತ್ರ ಕೆಲಸ

ನೆಲ್ಯಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಆಳುಗಳಿಗೆಂದು ಕಟ್ಟಿಸಿದ ಸಾಲುಮನೆಯಲ್ಲಿ, ನಾನೂ ನನ್ನ ಮಗಳೂ ಇದ್ದೇವೆ. ಮನೆ ಎಸ್ಟೇಟಿನದು. ಒಬ್ಬರಾದರೂ ಅಲ್ಲಿ ದುಡಿಯುತ್ತಿದ್ದರೆ ಮಾತ್ರ ಇರಬಹುದು. ನನ್ನ ಮಂಡಿ ಹೋದ ಮೇಲೆ ಆ ಒಬ್ಬಳು ನನ್ನ ಮಗಳು. ಹದಿನಾಲ್ಕು ವರ್ಷ ದುಡಿದವಳು, ಕಾಯಂ ಆಗಿದ್ದಳು.

ಹೋದ ವರ್ಷ ಹೊಳೆ ಪಕ್ಕದ ರೆಸಾರ್ಟಿನವರು ರೂಮು ಗುಡಿಸುವುದಕ್ಕೆ ಹೆಂಗಸರು ಬೇಕೆಂದರು. ಒಂದು ಕಾಗದಕ್ಕೆ ಸಹಿ ಹಾಕಬೇಕಂತೆ. ನಮ್ಮ ಎಸ್ಟೇಟಿನಲ್ಲಿ ಸಹಿ ಹಾಕಿಸಿಕೊಳ್ಳುವುದು ಕಾಯಂ ಆಳಿಗೆ ಮಾತ್ರ. ಹಂಗಾಮಿಗೆ ಬಂದವರಿಗೆ ಯಾರೂ ಕಾಗದ ತೋರಿಸುವುದಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ. "ಸಹಿ ಕೇಳ್ತಾರೆ ಅಂದ್ರೆ ಗಟ್ಟಿ ಕೆಲಸ ಕಣೆ, ಹಾಕು" ಅಂದೆ. ಲೈನ್ ಮನೆ ಹೋದರೂ ಆ ಸಂಬಳದಲ್ಲಿ ಬಾಡಿಗೆಗೆ ಹಿಡಿಯಬಹುದು ಅಂದುಕೊಂಡಿದ್ದೆ. ಹಾಕಿದಳು, ಎಸ್ಟೇಟು ಬಿಟ್ಟಳು.

ಆ ಕಾಗದದಲ್ಲಿ ಇದ್ದದ್ದು ಇಷ್ಟು: ಅವರು ಕರೆದಾಗ ಇವಳು ಹೋಗಬೇಕು. ಕರೆಯದಿದ್ದರೆ ಯಾಕೆಂದು ಕೇಳುವಂತಿಲ್ಲ. ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು, ಏನೂ ಬರೆದಿಲ್ಲ. ಬೇರೆ ಕೂಲಿಗೆ ಹೋಗಿ ಕರೆ ತಪ್ಪಿಸಿದರೆ ಹೆಸರು ತೆಗೆಯುತ್ತಾರೆ. ಕಟ್ಟಿದ ನಾಯಿಗೂ ನಾವು ಊಟಕ್ಕೆ ಹೊತ್ತು ಗೊತ್ತು ಇಟ್ಟಿರುತ್ತೇವೆ.

ನಮ್ಮ ಲೈನ್ ಮನೆಗಳ ಹತ್ತಿರ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಬೆಳಗ್ಗೆ ಏಳಕ್ಕೇ ಯೂನಿಫಾರಂ ಹಾಕಿಕೊಂಡು ಮೇಲಿನ ರಸ್ತೆಯ ಬಸ್ ತಂಗುದಾಣಕ್ಕೆ ಹೋಗಿ, ಫೋನು ಹಿಡಿದು ಕೂರುತ್ತಿದ್ದಳು. ಒಂದೊಂದು ದಿನ ಮಧ್ಯಾಹ್ನದ ತನಕ. ನಾನು ಕೋಲೂರಿಕೊಂಡು ತಿಂಡಿ ತೆಗೆದುಕೊಂಡು ಹೋದಾಗಲೆಲ್ಲ ಊರಿನವರ ಬುದ್ಧಿಮಾತು ಕಿವಿಗೆ ಬೀಳುತ್ತಿತ್ತು.

"ಬಿಸಿಲಲ್ಲಿ ಕಾಫಿ ಕುಯ್ಯೋದಕ್ಕಿಂತ ವಾಸಿ ಬಿಡಜ್ಜಿ, ನೆರಳಲ್ಲಿ ಆರಾಮಾಗಿ ಕೂತವ್ಳೆ" ಎಂದ ತಂಗುದಾಣದ ಎದುರು ನಿಲ್ಲುವ ಆಟೋದವನು.

"ಕೂತಿದ್ದಕ್ಕೆ ಕೂಲಿ ನೀನು ಕೊಡ್ತೀಯೇನಪ್ಪ?" ಅಂದೆ.

ಬಸ್ಸಿಗೆ ಕಾಯುತ್ತಿದ್ದ, ರಿಟೈರಾದ ಮೇಷ್ಟ್ರು ನನಗೇ ಪಾಠ ಹೇಳಿದರು. "ಈಗ ಎಲ್ಲ ಕಡೆ ಹಿಂಗೇ ಕಣಮ್ಮ. ಗೆಸ್ಟ್ ಬರ್ದೆ ಇದ್ರೆ ಪಾಪ, ಅವರಾದ್ರೂ ಏನ್ ಮಾಡ್ತಾರೆ?"

"ಮಕ್ಳು ಬರದ ದಿನ ನಿಮ್ ಸಂಬಳ ಹಿಡಿದಿದ್ರಾ ಮೇಷ್ಟ್ರೇ?"

ಅವರು ಪೇಪರು ಬಿಡಿಸಿಕೊಂಡರು. ನಮ್ಮ ಲೈನಿನ ಹೆಂಗಸರೂ ಕಮ್ಮಿಯಿಲ್ಲ. ಯೂನಿಫಾರಂ ಕೆಲಸ ಅಂದರೆ ಮರ್ಯಾದೆಯಂತೆ. ಹೀಗೆ ಕೂಲಿಯಿಲ್ಲದೆ ಕೂತವಳನ್ನು ಅದೃಷ್ಟವಂತೆ ಅನ್ನುವುದನ್ನು ಕೇಳಿ ಕೇಳಿ ನನಗೆ ಸಾಕಾಯಿತು.

ಎಸ್ಟೇಟಿನ ರೈಟರು, ಅಂದರೆ ಹಾಜರಿ ಹಾಕುವವರು, ಮಳೆಗಾಲ ಕಳೆಯುವ ತನಕ ಸುಮ್ಮನಿದ್ದರು. ಕಾಫಿ ಹಣ್ಣಾದ ಮೇಲೆ ಬಾಗಿಲಿಗೆ ಬಂದರು. "ಸೋಮವಾರ ಪಿಕಿಂಗ್ ಶುರು. ಮಗಳು ಬಂದ್ರೆ ಸರಿ, ಇಲ್ಲಾಂದ್ರೆ ಮನೆ ಖಾಲಿ ಮಾಡ್ಬೇಕಜ್ಜಿ. ಸಾಹುಕಾರ್ರ ಮಾತು, ನಂದಲ್ಲ."

ಭಾನುವಾರ ತಂಗುದಾಣದಲ್ಲಿ ನಾನು ಅವಳ ಪಕ್ಕದಲ್ಲಿ ಇದ್ದಾಗಲೇ ರೆಸಾರ್ಟಿನ ಫೋನು ಬಂತು. ಹನ್ನೊಂದು ದಿನ ಸುದ್ದಿಯಿರಲಿಲ್ಲ. ಮದುವೆ ಪಾರ್ಟಿಯಂತೆ, ನಾಳೆಯಿಂದ ನಾಲ್ಕು ದಿನ ಬರಬೇಕಂತೆ.

"ನೋಡಜ್ಜಿ, ಬಂತಲ್ಲ ಕೆಲಸ. ಸುಮ್ನೆ ಬೈತಿದ್ದೆ" ಎಂದ ಆಟೋದವನು.

ಮಗಳು ಫೋನಿನಲ್ಲಿ ಕೇಳಿದಳು. "ನಾಲ್ಕು ದಿನ ಆದ್ಮೇಲೆ ಸಾರ್?"

ರೆಸಾರ್ಟಿನವನ ಧ್ವನಿ ನನಗೂ ಕೇಳಿಸಿತು. "ಆಮೇಲೆ ನೋಡೋಣಮ್ಮ."

"ನೋಡ್ತಾ ಇರಿ. ನಾನ್ ಬರಲ್ಲ" ಎಂದು ಫೋನಿಟ್ಟಳು. ತಂಗುದಾಣದಲ್ಲಿದ್ದವರೆಲ್ಲ ಅವಳಿಗೆ ತಲೆ ಕೆಟ್ಟಿದೆ ಅನ್ನುವಂತೆ ನೋಡಿದರು. ನನಗೆ ಅವರ ಮುಖ ನೋಡಲೂ ಮನಸ್ಸಾಗಲಿಲ್ಲ.

ಸೋಮವಾರ ಹಾಜರಿಗೆ ಹೋಗಿ, ಮೊದಲು ನಿಲ್ಲುತ್ತಿದ್ದ ಹಾಗೆ ಮುಂದೆ ಕಾಯಂ ಆಳುಗಳ ಸಾಲಿನಲ್ಲಿ ನಿಂತಳು. ರೈಟರು ಪುಸ್ತಕದಿಂದ ತಲೆ ಎತ್ತಲಿಲ್ಲ. "ಬಿಟ್ಟು ಹೋದವಳಲ್ವಾ, ಇನ್ಮೇಲೆ ಹಂಗಾಮಿ. ಹಿಂದೆ ನಿಲ್ಲು."

ಹಿಂದಿನ ಸಾಲಿನಲ್ಲಿ ಹೋದ ವಾರವಷ್ಟೇ ಅಸ್ಸಾಮಿನಿಂದ ಬಂದ ಹುಡುಗಿಯರಿದ್ದರು. ಸರಿದು ಜಾಗ ಬಿಟ್ಟರು. ಜೊತೆಗೆ ಹೋಗಿದ್ದ ನಾನು ನಮ್ಮ ಮನೆಯ ಗತಿ ಏನೆಂದು ಕೇಳಿದೆ.

"ಪಿಕಿಂಗ್ ಮುಗಿಯೋ ತನಕ ಇರಿ ಅಜ್ಜಿ" ಎಂದು ರೈಟರು ಮುಂದಿನ ಹೆಸರು ಕೂಗಿದರು.